ಪೆಪ್ಪರಮೆಂಟಿನ ಕಾವಲುಗಾರ

ನನ್ನ ಅಂಗಿಗೆ ಇರುವೆ ಹತ್ತುತ್ತದೆ. ಸಂಜೆ ಬಂದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರೆ ಬೆಳಗಾಗುವಷ್ಟರಲ್ಲಿ ಗೋಡೆಯ ಮೂಲೆಯಿಂದ ಒಂದು ಸಾಲು ಹೊರಟು ನೇರವಾಗಿ ಎಡಗಡೆಯ ಜೇಬಿಗೆ ಇಳಿದಿರುತ್ತದೆ. ಎಲ್ಲರ ಜೇಬಿನಲ್ಲೂ ಪೆನ್ನು, ಮೊಬೈಲು, ಬಸ್ಸಿನ ಹಳೇ ಟಿಕೆಟ್ಟು ಇರುತ್ತವೆ. ನನ್ನ ಜೇಬಿನಲ್ಲಿ ಅವುಗಳ ಜೊತೆಗೆ ನಾಲ್ಕು ಪೆಪ್ಪರಮೆಂಟು ಇರುತ್ತವೆ. ಮೀಸೆ ಬೆಳ್ಳಗಾಗುತ್ತಿರುವ ನಲವತ್ತಮೂರರ ಗಂಡಸಿಗೆ ಇದೆಂಥ ಚಪಲ ಎಂದು ನೀವು ನಗಬಹುದು. ವಕ್ಕಲೇರಿಯಲ್ಲಿ ಈಗಾಗಲೇ ನಕ್ಕಿದ್ದಾರೆ. ಅಲ್ಲಿನ ಹಾಲಿನ ಡೈರಿಯಲ್ಲಿ ನಾನು ಹಾಲು ಪರೀಕ್ಷೆ ಮಾಡುವವನು. ಮೊನ್ನೆ ಒಬ್ಬರ ಹಾಲಿಗೆ ಲ್ಯಾಕ್ಟೊಮೀಟರು ಇಳಿಬಿಟ್ಟು ನೋಡುತ್ತಿದ್ದಾಗ ಎದೆಯ ಹತ್ತಿರ ಒಂದು ಇರುವೆ ಕಚ್ಚಿತು. ನಾನು ಕುಣಿದ ಕುಣಿತ ನೋಡಿ ಆ ಪುಣ್ಯಾತ್ಮ ತನ್ನ ಹಾಲಿನ ಮೇಲೇ ನನಗೆ ಸಿಟ್ಟು ಬಂದಿದೆ ಎಂದು ತಿಳಿದು, ನಾನು ಕೇಳದೆಯೇ ಒಂದು ಲೋಟ ನೀರು ಬೆರೆಸಿದ್ದನ್ನು ಒಪ್ಪಿಕೊಂಡುಬಿಟ್ಟ. ಅಂದಿನಿಂದ ನನ್ನ ಹೆಂಡತಿ ಮಂಜುಳ ದಿನಾ ಬೆಳಗ್ಗೆ ಅಂಗಿ ಕೊಡವಿಯೇ ಕೈಗೆ ಕೊಡುತ್ತಾಳೆ.

ಪೆಪ್ಪರಮೆಂಟು ನನಗಲ್ಲ, ಮಗಳಿಗೆ. ಅವಳ ಹೆಸರು ಲಿಖಿತಾ, ಈಗ ಒಂಬತ್ತು ವರ್ಷ. ಏಳು ತುಂಬಿದ ವರ್ಷ ಚೊಂಬುಗಟ್ಟಲೆ ನೀರು ಕುಡಿಯತೊಡಗಿದಳು, ಸೊರಗಿದಳು, ಒಂದು ದಿನ ಶಾಲೆಯಿಂದ ಬಂದವಳು ಚಪ್ಪಲಿ ಬಿಚ್ಚದೆ ಹಾಗೇ ಮಲಗಿದಳು. ಮೈಯಲ್ಲಿ ಇನ್ಸುಲಿನ್ ತಯಾರಾಗುವುದು ನಿಂತಿದೆ, ಇದು ಸಿಹಿ ತಿಂದು ಬರುವ ಕಾಯಿಲೆಯಲ್ಲ, ಇನ್ನು ಮೇಲೆ ದಿನಾ ಚುಚ್ಚಿಕೊಳ್ಳಬೇಕು ಎಂದರು ಡಾಕ್ಟರು. ಆಮೇಲೆ ಮೂರು ಮಾತು ಹೇಳಿದರು. ಊಟಕ್ಕೆ ತಕ್ಕಂತೆ ಲೆಕ್ಕ ಹಾಕಿ ಇನ್ಸುಲಿನ್ ಕೊಡಬೇಕು. ಕೆಲವು ಸಲ ರಕ್ತದ ಸಕ್ಕರೆ ಇದ್ದಕ್ಕಿದ್ದಂತೆ ಇಳಿಯುತ್ತದೆ, ಕೈ ನಡುಗುತ್ತದೆ, ಮೈ ಬೆವರುತ್ತದೆ, ಆಗ ಆ ಕ್ಷಣವೇ ಏನಾದರೂ ಸಿಹಿ ಬಾಯಿಗೆ ಬೀಳಬೇಕು. ಇನ್ನು ಹಬ್ಬ ಹುಣ್ಣಿಮೆಗೆ ಎಲ್ಲ ಮಕ್ಕಳ ಹಾಗೆ ಅವಳೂ ಒಂಚೂರು ತಿನ್ನಲಿ, ಲೆಕ್ಕದೊಳಗೆ ಇದ್ದರಾಯಿತು. ಮೊದಲ ಎರಡು ಮಾತು ನನ್ನ ತಲೆಯೊಳಗೆ ಮೊಳೆ ಹೊಡೆದ ಹಾಗೆ ಕೂತವು. ಮೂರನೆಯದು ಆಸ್ಪತ್ರೆಯ ಮೆಟ್ಟಿಲಿಳಿಯುವಷ್ಟರಲ್ಲಿ ಎಲ್ಲೋ ಬಿದ್ದುಹೋಯಿತು.

ನನ್ನದು ಮೊದಲಿನಿಂದಲೂ ನಿಂತಲ್ಲಿ ನಿಲ್ಲದ ಜೀವ. ಬಸ್ಸಿನಲ್ಲಿ ಸೀಟು ಸಿಕ್ಕರೂ ಇಳಿಯುವ ಊರು ಬರುವುದಕ್ಕೆ ಎರಡು ಸ್ಟಾಪು ಮೊದಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ. ಬೀಗ ಹಾಕಿ ಬೀದಿಯ ಕೊನೆಗೆ ಹೋದವನು ವಾಪಸ್ಸು ಬಂದು ಬೀಗ ಜಗ್ಗಿ ನೋಡುತ್ತೇನೆ. ಇಂಥವನ ಕೈಗೆ ದೇವರು ಬೆರಳು ಚುಚ್ಚಿ ರಕ್ತ ನೋಡುವ ಮೀಟರು ಕೊಟ್ಟರೆ ಏನಾಗಬೇಕು? ಡೈರಿಯಲ್ಲಿ ಹಾಲು ಅಳೆಯುತ್ತೇನೆ, ಮನೆಗೆ ಬಂದರೆ ಮಗಳನ್ನು ಅಳೆಯುತ್ತೇನೆ. ತಿಂಡಿಗೆ ಮೊದಲು, ತಿಂಡಿಯಾದ ಮೇಲೆ, ಆಟಕ್ಕೆ ಮೊದಲು, ಆಟವಾದ ಮೇಲೆ. ಒಂದು ಸಂಜೆ ನಾನು ಮನೆಗೆ ಬಂದವನೇ ಮೀಟರಿಗೆ ಕೈ ಹಾಕಿದಾಗ ಲಿಖಿತಾ ಬೆರಳು ಮಡಚಿಕೊಂಡಳು.

"ಅಪ್ಪ, ಮೊದ್ಲು ನನ್ ಮುಖ ನೋಡು. ಆಮೇಲೆ ಮೀಟರ್ ನೋಡ್ತೀಯಂತೆ."

ನೋಡಿದೆ. ಹಣೆಗೆ ಬಣ್ಣದ ಪೆನ್ಸಿಲ್ಲಿನ ಹಸಿರು ಗೆರೆ ಬಳಿದುಕೊಂಡಿತ್ತು. ಅದು ಬೆಳಗ್ಗೆಯಿಂದ ಇತ್ತಂತೆ.

ಸುಗಟೂರಿನಲ್ಲಿ ತಮ್ಮನ ಜೊತೆ ಇರುವ ನನ್ನ ಅಮ್ಮನ ತಾಪತ್ರಯ ಬೇರೆ ಥರದ್ದು. ಅಮ್ಮನಿಗೂ ಸಕ್ಕರೆ ಕಾಯಿಲೆ ಇದೆ, ಹತ್ತು ವರ್ಷದಿಂದ. ಮಾತ್ರೆ ನುಂಗುತ್ತಾಳೆ, ಯುಗಾದಿಗೆ ಹೋಳಿಗೆಯನ್ನೂ ನುಂಗುತ್ತಾಳೆ. ಮೊಮ್ಮಗಳಿಗೂ ಅದೇ ಬಂದಿದೆ ಎಂದರೆ ಅವಳಿಗೆ ನಂಬಿಕೆಯೇ ಇಲ್ಲ. "ಇಷ್ಟುದ್ದ ಮಗೂಗೆ ಸಕ್ಕರೆ ಕಾಯ್ಲೆ ಅಂದ್ರೆ ಯಾರ್ ನಂಬ್ತಾರೋ, ಅದ್ಯಾವ ಸೀಮೆ ಡಾಕ್ಟ್ರು?" ಎನ್ನುತ್ತಾಳೆ. ಆದರೂ ನಾವು ಊರಿಗೆ ಹೋದಾಗ ಮಗನ ಮಾತಿಗೆ ಬೆಲೆ ಕೊಟ್ಟು ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲಿಟ್ಟಳು. ಅದರ ಬದಲಿಗೆ ರಾಗಿ ಒಳ್ಳೆಯದು, ರಾಗಿಯಿಂದ ಏನೂ ಆಗುವುದಿಲ್ಲ ಎಂದುಕೊಂಡು ಗದ್ದೆ ಕೆಲಸದವರಿಗೆ ಇಕ್ಕುವಂಥ ಎರಡು ಮುದ್ದೆ ಮಗುವಿನ ತಟ್ಟೆಗೆ ಇಟ್ಟಳು. ಆ ಮಧ್ಯಾಹ್ನ ಮೀಟರು ತೋರಿಸಿದ ಅಂಕಿಯನ್ನು ನಾನು ಹೇಳುವುದಿಲ್ಲ. ಪಕ್ಕದ ಮನೆಯವರು ಹಾಗಲಕಾಯಿ ರಸ ಎಂದರು, ಎದುರು ಮನೆಯವರು ನೇರಳೆ ಬೀಜದ ಪುಡಿ ಎಂದರು. ಇನ್ನೊಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಚಿಕ್ಕಂದಿನಲ್ಲಿ ಏನು ತಿನ್ನಿಸಿದಿರಿ ಎಂದು ಕೇಳಿದರು. ಕಾಯಿಲೆ ಹಾಗೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರೂ, ಅವಳಿಗೆ ಏಳು ತುಂಬುವವರೆಗೆ ನಾನು ತಂದುಕೊಟ್ಟ ಮಿಠಾಯಿಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು.

ಮಿಠಾಯಿ ಎಂದರೆ ನೆನಪಾಯಿತು. ನಾವು ಚಿಕ್ಕವರಿದ್ದಾಗ ಸುಗಟೂರಿನ ಬಸ್ಸು ನಿಲ್ಲುವ ಕಡೆ ಒಂದೇ ಒಂದು ಅಂಗಡಿ ಇತ್ತು, ಅದರಲ್ಲಿ ಗಾಜಿನ ಒಂದೇ ಒಂದು ಬಾಟಲಿ. ಕಿತ್ತಳೆ ತೊಳೆಯ ಆಕಾರದ ಪೆಪ್ಪರಮೆಂಟು, ಮೇಲೆ ಸಕ್ಕರೆಯ ಹರಳು. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ತಲೆಗೆ ಎರಡು ಕೊಡುತ್ತಿದ್ದರು, ಬಾವುಟ ಹಾರುವ ಮೊದಲೇ ನಮ್ಮ ಕಣ್ಣು ತಟ್ಟೆಯ ಮೇಲೆ ಹಾರುತ್ತಿತ್ತು. ಉಳಿದ ದಿನಗಳಲ್ಲಿ ನನಗೂ ತಮ್ಮನಿಗೂ ಸೇರಿ ಒಂದು. ಹಂಚಿಕೊಳ್ಳುವುದಕ್ಕೆ ಕಾಗೆ ಎಂಜಲು ಎಂಬ ಉಪಾಯವಿತ್ತು. ಪೆಪ್ಪರಮೆಂಟನ್ನು ಅಂಗಿಯ ಅಂಚಿನೊಳಗೆ ಸುತ್ತಿ, ಬಟ್ಟೆಯ ಮೇಲಿನಿಂದ ಹಲ್ಲಿನಲ್ಲಿ ಕಟಕ್ಕೆಂದು ಕಚ್ಚಿ ಎರಡು ತುಂಡು ಮಾಡುವುದು. ಬಟ್ಟೆ ಅಡ್ಡ ಇದ್ದುದರಿಂದ ಎಂಜಲಾಗಲಿಲ್ಲ ಎಂದು ಲೆಕ್ಕ. ಇದರಲ್ಲಿ ಕಾಗೆಯ ಪಾತ್ರವೇನು ಎಂದು ನಾವ್ಯಾರೂ ಕೇಳಲಿಲ್ಲ. ದೊಡ್ಡ ತುಂಡು ಯಾರಿಗೆ ಎಂಬುದೇ ಕೇಳಬೇಕಾದ ಪ್ರಶ್ನೆಯಾಗಿತ್ತು. ನಮ್ಮ ಅಂಗಿಗಳ ಅಂಚೆಲ್ಲ ಸುಕ್ಕು, ಅಂಟು, ಕಿತ್ತಳೆ ಕಲೆ. ಬಟ್ಟೆ ಒಗೆಯುವಾಗ ಅಮ್ಮ ಅಂಚು ನೋಡಿಯೇ ನಾವು ಆ ವಾರ ಎಷ್ಟು ಸಲ ಅಂಗಡಿಗೆ ಹೋಗಿದ್ದೆವೆಂದು ಹೇಳಿಬಿಡುತ್ತಿದ್ದಳು.

ಇಷ್ಟು ದೂರ ನಿಮ್ಮನ್ನು ಸುತ್ತಿಸಿದ್ದಕ್ಕೆ ಕಾರಣವಿದೆ. ಲಿಖಿತಾ ಭಾನುವಾರ ಬೆಳಗ್ಗೆ ಚಿತ್ರ ಬರೆಯುವ ಕ್ಲಾಸಿಗೆ ಹೋಗುತ್ತಾಳೆ. ಕೋಲಾರದಲ್ಲಿ ನಾವಿರುವ ಬಾಡಿಗೆ ಮನೆಗೆ ಹತ್ತಿರದಲ್ಲೇ. ಡ್ರಾಯಿಂಗ್ ಟೀಚರಾಗಿ ನಿವೃತ್ತರಾದ ಶಾರದಮ್ಮ ಮಿಸ್ ತಮ್ಮ ಮನೆಯ ಮಹಡಿಯ ಮೇಲೆ ಹದಿನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಕಲಿಸುತ್ತಾರೆ. ಅವರ ಮೇಜಿನ ಮೇಲೂ ಒಂದು ಗಾಜಿನ ಬಾಟಲಿ. ಒಂದು ಹಾಳೆ ಅಚ್ಚುಕಟ್ಟಾಗಿ ಮುಗಿಸಿದರೆ ಒಂದು ಪೆಪ್ಪರಮೆಂಟು. ಬಾಟಲಿ ತುಂಬಿಸುವುದು ತಂದೆತಾಯಿಯರು, ವಾರಕ್ಕೊಬ್ಬರು, ಸರದಿಯ ಮೇಲೆ. ಸೇರಿಸುವಾಗಲೇ ನಾನು ಮಿಸ್ಸಿಗೆ ವಿಷಯ ಹೇಳಿದ್ದೆ. ಅವರು ಲಿಖಿತಾಗೆ ಪೆಪ್ಪರಮೆಂಟಿನ ಬದಲು ರಬ್ಬರ್ ಕೊಡುತ್ತಿದ್ದರು. ಆರು ತಿಂಗಳಲ್ಲಿ ಅವಳ ಹತ್ತಿರ ಒಂದು ಡಬ್ಬಿ ತುಂಬ ರಬ್ಬರಾಯಿತು. ಅಷ್ಟನ್ನು ಸವೆಸುವಷ್ಟು ತಪ್ಪು ಅವಳು ಜೀವನದಲ್ಲಿ ಮಾಡಲಾರಳು.

ಕ್ಲಾಸು ನಡೆಯುವ ಎರಡು ಗಂಟೆ ನಾನು ಕೆಳಗೆ ಹೊಂಗೆ ಮರದಡಿ ನಿಂತಿರುತ್ತಿದ್ದೆ. ಮರಕ್ಕೆ ಕಟ್ಟೆ ಇದೆ, ಆದರೂ ನಿಂತಿರುತ್ತಿದ್ದೆ. ಉಳಿದ ತಂದೆತಾಯಿಯರು ಮಕ್ಕಳನ್ನು ಬಿಟ್ಟು ತಮ್ಮ ಪಾಡಿಗೆ ಹೋಗುತ್ತಿದ್ದರು. ಟೊಮ್ಯಾಟೊ ಮಂಡಿ ಇಟ್ಟುಕೊಂಡಿರುವ ಮುನಿರಾಜು ಮಾತ್ರ ತಮ್ಮ ಗಾಡಿಯಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದರು. ಅವರ ಮಗಳು ಭವ್ಯಾ ನಮ್ಮ ಲಿಖಿತಾಳ ಪಕ್ಕವೇ ಕೂರುವ ಗೆಳತಿ.

ಒಂದು ಭಾನುವಾರ ಮಧ್ಯಾಹ್ನ ಮೀಟರು ಇನ್ನೂರ ಎಂಬತ್ತು ಎಂದಿತು. ನಾನು ಪತ್ತೇದಾರನಾದೆ. ಅವಳ ಬ್ಯಾಗು, ಪೆನ್ಸಿಲ್ ಡಬ್ಬಿ, ಫ್ರಾಕಿನ ಜೇಬು ಎಲ್ಲ ತಡಕಿದೆ. ಒಂದು ಸಿಪ್ಪೆ ಕಾಗದವೂ ಸಿಗಲಿಲ್ಲ. ಕೈಬಿಡುವ ಹೊತ್ತಿಗೆ ಫ್ರಾಕಿನ ಕೆಳಗಿನ ಅಂಚು ಕಣ್ಣಿಗೆ ಬಿತ್ತು. ಸುಕ್ಕು, ಅಂಟು, ಕಿತ್ತಳೆ ಕಲೆ, ಪುಟ್ಟ ಹಲ್ಲಿನ ಗುರುತು. ಇಡೀ ಕೋಲಾರದಲ್ಲಿ ಆ ಗುರುತನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಕೇಳಿದೆ. ಭವ್ಯಾ ತನ್ನದರಲ್ಲಿ ಪ್ರತಿ ವಾರ ಅರ್ಧ ಕೊಡುತ್ತಾಳಂತೆ. ಕಾಗೆ ಎಂಜಲು ಕಲಿಸಿದ್ದು ಸುಗಟೂರಿನ ಅಜ್ಜಿಯಂತೆ. ಬುದ್ಧಿ ಇದ್ದವನಾಗಿದ್ದರೆ ನಾನಾಗ ನಗಬೇಕಿತ್ತು. ಅರ್ಧ ಪೆಪ್ಪರಮೆಂಟಿಗೆ ಅಷ್ಟು ಏರುವುದಿಲ್ಲ, ಬೆಳಗ್ಗೆ ನೀವೇ ಬಡಿಸಿದ ಎರಡನೇ ಸಲದ ಚಿತ್ರಾನ್ನಕ್ಕೆ ಏರಿರಬೇಕು ಎಂದಳು ಮಂಜುಳ. ಸರಿಯಾದ ಮಾತೇ. ಆದರೆ ನನಗೆ ಕಳ್ಳ ಸಿಕ್ಕಿಬಿಟ್ಟಿದ್ದ. ಕಳ್ಳ ಸಿಕ್ಕ ಮೇಲೆ ಚಿತ್ರಾನ್ನದ ವಿಚಾರಣೆ ಯಾರಿಗೆ ಬೇಕು?

ಮುಂದಿನ ಭಾನುವಾರ ಮಕ್ಕಳನ್ನು ಬಿಡಲು ಬಂದ ತಂದೆತಾಯಿಯರನ್ನೆಲ್ಲ ನಿಲ್ಲಿಸಿಕೊಂಡು ಭಾಷಣ ಮಾಡಿದೆ. ಅದರಲ್ಲಿ ಇನ್ಸುಲಿನ್ ಬಂತು, ಮಕ್ಕಳ ಹಲ್ಲು ಬಂತು, ದೇಶದ ಆರೋಗ್ಯವೂ ಬಂತು. ಈ ಕ್ಲಾಸಿನಲ್ಲಿ ಯಾರೂ ಸಿಹಿ ಹಂಚಬಾರದು, ಯಾರೂ ಸಿಹಿ ತಿನ್ನಬಾರದು ಎಂದು ಮುಗಿಸಿದೆ. ಶಾರದಮ್ಮ ಮಿಸ್ ಬಾಟಲಿ ಎತ್ತಿಕೊಂಡು ಹೋಗಿ ಅಡಿಗೆಮನೆಯ ಮೇಲಿನ ಶೆಲ್ಫಿನಲ್ಲಿಟ್ಟರು. ಹದಿಮೂರು ಮಕ್ಕಳ ಕಣ್ಣು ಬಾಟಲಿಯ ಹಿಂದೆಯೇ ಹೋಯಿತು. ಮುನಿರಾಜು ಮೊದಲು ತೆಲುಗಿನಲ್ಲಿ, "ಏಂ ಸಾರ್, ಪಿಲ್ಲಲಕಿ ಒಕ ಚಾಕ್ಲೇಟು ಕೂಡಾ ಲೇದಾ?" ಎಂದು, ಮಕ್ಕಳಿಗೆ ಒಂದು ಚಾಕ್ಲೇಟೂ ಇಲ್ಲವೇ ಎಂದು ಕೇಳಿದರು. ನಾನು ಕೇಳಿಸದವನಂತೆ ನಿಂತಿದ್ದಕ್ಕೆ ಕನ್ನಡಕ್ಕೆ ಬಂದರು.

"ನಿಮ್ ಮಗೂಗೆ ಬೇಡ ಅಂದ್ರೆ ಸರಿ ಸಾರ್. ಎಲ್ರ ಬಾಯಿಗೂ ಬೀಗ ಯಾಕೆ?"

ಉಳಿದವರು ಸುಮ್ಮನಿದ್ದರು. ಆ ಮೌನವನ್ನು ನಾನು ಒಪ್ಪಿಗೆ ಎಂದು ಬರೆದುಕೊಂಡು ಯುದ್ಧ ಗೆದ್ದವನಂತೆ ಮೆಟ್ಟಿಲಿಳಿದೆ.

ಸಿಹಿ ಇಲ್ಲದಿದ್ದರೇನಂತೆ, ತಿನ್ನುವುದಕ್ಕೆ ಬೇರೆ ಏನೂ ಇಲ್ಲವೇ ಎಂದು ತೋರಿಸಲು ಮರುವಾರ ನಾನೇ ಒಂದು ಡಬರಿ ಬೇಯಿಸಿದ ಕಡಲೆಕಾಯಿ ಹೊತ್ತುಕೊಂಡು ಹೋದೆ. ಮಕ್ಕಳು ತಿಂದರು. ಆಮೇಲೆ ಮಿಸ್ ಅರ್ಧ ಗಂಟೆ ಸಿಪ್ಪೆ ಗುಡಿಸಿದರು. ಹಾಳೆಗಳ ಮೇಲೆಲ್ಲ ಒದ್ದೆ ಬೆರಳಿನ ಗುರುತು. ಅದರ ಮುಂದಿನ ವಾರ ಮುನಿರಾಜು ಅವರ ಸರದಿ. ಆ ವಾರ ಟೊಮ್ಯಾಟೊ ಕೇಳುವವರಿರಲಿಲ್ಲ. ಅವರು ಒಂದು ಕ್ರೇಟು ಟೊಮ್ಯಾಟೊ, ಜೊತೆಗೆ ಪೊಟ್ಟಣದಲ್ಲಿ ಉಪ್ಪು ಖಾರದ ಪುಡಿ ಮಹಡಿಗೆ ಹೊರಿಸಿ, "ಇದ್ರಲ್ಲಿ ಸಕ್ಕರೆ ಇಲ್ಲ ಸಾರ್, ಬೇಕಿದ್ರೆ ಮೀಟರ್ ಹಾಕಿ ನೋಡ್ಕೊಳ್ಳಿ" ಎಂದು ನನ್ನ ಕಡೆ ನೋಡದೆ ಹೇಳಿದರು. ಅವತ್ತು ಮಕ್ಕಳಿಗೆ ಸೂರ್ಯೋದಯ ಬರೆಯುವ ಪಾಠವಿತ್ತು. ಹದಿನಾಲ್ಕು ಸೂರ್ಯೋದಯಕ್ಕೂ ಬಣ್ಣ ತಾನಾಗಿಯೇ ಬಂತು. ಬಿಳಿ ಅಂಗಿ ತೊಟ್ಟು ಬಂದವರ ತಾಯಂದಿರು ನನ್ನನ್ನು ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ. ಅಲ್ಲಿಗೆ ಸರದಿಯೇ ನಿಂತುಹೋಯಿತು.

ಇನ್ನೊಂದು ನಿಂತದ್ದು ನನಗೆ ತಡವಾಗಿ ತಿಳಿಯಿತು. ಒಂದು ಭಾನುವಾರ ಸ್ಕೂಟರಿನ ಹಿಂದೆ ಕೂತಿದ್ದ ಲಿಖಿತಾ, ಭವ್ಯಾ ಈಗ ಕಿಟಕಿಯ ಕಡೆ ಕೂರುತ್ತಾಳೆ ಎಂದಳು. ಯಾಕೆ ಎಂದೆ. "ನನ್ನಿಂದ ಎಲ್ರಿಗೂ ಹೋಯ್ತಂತೆ." ನಿನ್ನ ಒಳ್ಳೆಯದಕ್ಕೇ ಅಲ್ಲವೇನಮ್ಮ ಮಾಡಿದ್ದು ಎಂದು ನಾನು ಮತ್ತೆ ಭಾಷಣ ಶುರುಮಾಡಿದೆ. ಮನೆ ಬರುವವರೆಗೆ ಹಿಂದೆ ಕೂತಿದ್ದಾಳೋ ಇಲ್ಲವೋ ಎಂದು ಎರಡು ಸಲ ತಿರುಗಿ ನೋಡಿದೆ.

ಅದಾಗಿ ಎರಡು ವಾರಕ್ಕೆ, ಡೈರಿಯಲ್ಲಿ ಭಾನುವಾರದ ಪಾಳಿಯವನು ರಜೆ ಹಾಕಿದ್ದರಿಂದ ನಾನು ವಕ್ಕಲೇರಿಗೆ ಹೋಗಬೇಕಾಯಿತು. ಹಾಲಿನ ಗಾಡಿಯೂ ತಡವಾಗಿ ಬಂತು. ಮಂಜುಳ ಮಗುವನ್ನು ಕ್ಲಾಸಿಗೆ ಬಿಟ್ಟು ಮನೆಗೆ ಹೋಗಿದ್ದಳು. ನಾನು ಗಾಡಿ ಕಳಿಸಿ, ಸ್ಕೂಟರು ಓಡಿಸಿಕೊಂಡು ಮಿಸ್ ಮನೆ ಮುಟ್ಟುವಾಗ ಕ್ಲಾಸು ಬಿಡುವುದಕ್ಕೆ ಇನ್ನೂ ಕಾಲು ಗಂಟೆ ಇತ್ತು. ಮಹಡಿಯಿಂದ ಸದ್ದೇ ಇಲ್ಲ. ಎರಡೆರಡು ಮೆಟ್ಟಿಲು ಹತ್ತಿದೆ.

ಲಿಖಿತಾ ಅಡಿಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಮುಖವೆಲ್ಲ ಬೆವರಿ ಕೂದಲು ಹಣೆಗೆ ಅಂಟಿಕೊಂಡಿತ್ತು. ಕೈಯಲ್ಲಿ ಅರ್ಧ ಖಾಲಿಯಾದ ಲೋಟ. ಮಿಸ್ ಬೆನ್ನು ಸವರುತ್ತಿದ್ದರು, ಪಕ್ಕದಲ್ಲಿ ಭವ್ಯಾ ಅವಳ ಬ್ಯಾಗನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತಿದ್ದಳು. ಮಿಸ್ ಮೆಲ್ಲಗೆ ಹೇಳಿದರು. ಮಕ್ಕಳು ಬಿಂದಿಗೆ ಬರೆಯುತ್ತಿದ್ದರಂತೆ. ಕ್ಲಾಸಿನಲ್ಲೇ ಎಲ್ಲರಿಗಿಂತ ನೇರ ಗೆರೆ ಎಳೆಯುವವಳು ಲಿಖಿತಾ, ಇವತ್ತು ಅವಳ ಗೆರೆ ಅಲುಗಾಡುತ್ತಿತ್ತಂತೆ. ಕೂಗಿದರೆ ಉತ್ತರ ನಿಧಾನವಾಗಿ ಬಂತಂತೆ. ಕರೆದುಕೊಂಡು ಬಂದು ನೀರಿಗೆ ಸಕ್ಕರೆ ಕಲಸಿ ಕುಡಿಸಿದರಂತೆ. ಮೀಟರು ಚುಚ್ಚಿದೆ. ಎಂಬತ್ತಕ್ಕೆ ಏರಿತ್ತು. ಆಮೇಲೆ ಬ್ಯಾಗು ತೆಗೆದೆ. ಅದರಲ್ಲಿ ನಾನೇ ಇಟ್ಟ ಡಬ್ಬಿ ಇತ್ತು, ಡಬ್ಬಿಯಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ, ನಾಲ್ಕು ಪೆಪ್ಪರಮೆಂಟು. ಒಂದನ್ನೂ ಮುಟ್ಟಿರಲಿಲ್ಲ.

ನನಗೆ ಹೆದರಿಕೆ ಬಂದರೆ ಅದು ಸಿಟ್ಟಿನ ವೇಷದಲ್ಲೇ ಬರುವುದು. ಕೈ ನಡುಗಿದರೆ ತಿನ್ನು ಎಂದು ನೂರು ಸಲ ಹೇಳಿದ್ದೆನಲ್ಲ, ಯಾಕೆ ತಿನ್ನಲಿಲ್ಲ ಎಂದು ಗದರಿದೆ. ಅವಳು ಲೋಟದೊಳಗೆ ನೋಡುತ್ತ ಹೇಳಿದಳು.

"ಕ್ಲಾಸಲ್ಲಿ ಯಾರೂ ತಿನ್ನಂಗಿಲ್ವಲ್ಲಪ್ಪ. ಅವ್ರಿಗೆಲ್ಲ ಬೇಡ ಅಂದ್ಬಿಟ್ಟು ನಾನೊಬ್ಳೇ ಹೆಂಗೆ ತಿನ್ಲಿ?"

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದೆ. ಅತ್ತುಬಿಟ್ಟೆ, ಅದನ್ನು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ. ಅವಳನ್ನು ಕಾಯಿಲೆಯಿಂದ ಕಾಯುತ್ತಿದ್ದೇನೆಂದು ತಿಳಿದು, ಅವಳ ಜೀವ ಉಳಿಸುವ ಪೆಪ್ಪರಮೆಂಟಿಗೇ ಕಾವಲು ನಿಲ್ಲಿಸಿದ್ದೆ. ಗೆಳತಿಯರ ಎದುರು ಅದನ್ನು ಬಾಯಿಗೆ ಹಾಕಿಕೊಳ್ಳುವುದಕ್ಕಿಂತ ತಲೆ ಸುತ್ತಿ ಬೀಳುವುದೇ ವಾಸಿ ಎನ್ನಿಸುವ ಹಾಗೆ ಮಾಡಿಟ್ಟಿದ್ದೆ. ಮಿಸ್ಸಿನ ಕಣ್ಣಿಗೆ ಆ ಗೆರೆ ಬೀಳದೆ ಹೋಗಿದ್ದರೆ ಎಂಬ ಯೋಚನೆಯನ್ನು ಇವತ್ತಿಗೂ ಪೂರ್ತಿ ಮಾಡುವುದಕ್ಕೆ ನನ್ನಿಂದ ಆಗುವುದಿಲ್ಲ.

ಮರುವಾರ ಒಂದು ದೊಡ್ಡ ಪೊಟ್ಟಣ ತಂದು, ಶೆಲ್ಫಿನಿಂದ ಬಾಟಲಿ ನಾನೇ ಇಳಿಸಿ, ಒರೆಸಿ, ತುಂಬಿಸಿ ಮೇಜಿನ ಮೇಲಿಟ್ಟೆ. ತಂದೆತಾಯಿಯರ ಎದುರು ತಪ್ಪಾಯಿತು ಎಂದೆ. ಈ ಸಲ ಭಾಷಣ ಅಷ್ಟೇ ಇತ್ತು. ಮುನಿರಾಜು ಹತ್ತಿರ ಬಂದು ಭುಜ ತಟ್ಟಿ, "ಪೋನೀ ಸಾರ್, ಬಿಡಿ. ಮಗು ಹುಷಾರಾಗಿದ್ರೆ ಸಾಕು" ಎಂದರು. ಲೆಕ್ಕದೊಳಗೆ ಒಂಚೂರು ತಿನ್ನಲಿ ಎಂಬ ಡಾಕ್ಟರ ಮೂರನೇ ಮಾತನ್ನು ಎರಡು ವರ್ಷ ತಡವಾಗಿ ಹುಡುಕಿ ತಂದು ಮಿಸ್ಸಿಗೆ ಹೇಳಿದೆ. ಅವರು ಮೀಟರು ಚುಚ್ಚುವುದನ್ನು ಕಲಿತುಕೊಂಡು ಕ್ಲಾಸಿಗೆ ಹೊಸ ಕಾನೂನು ಮಾಡಿದರು. ಹಾಳೆ ಮುಗಿಸಿದವರಿಗೆ ಮೊದಲಿನಂತೆ ಒಂದು ಪೆಪ್ಪರಮೆಂಟು. ಲಿಖಿತಾಗೆ ಅರ್ಧ, ಅದು ಮಧ್ಯಾಹ್ನದ ಲೆಕ್ಕಕ್ಕೆ ಸೇರುತ್ತದೆ. ಇನ್ನು ಕ್ಲಾಸಿನ ನಡುವೆ ಮೀಟರು ಎಪ್ಪತ್ತಕ್ಕಿಂತ ಕೆಳಗೆ ತೋರಿಸಿದರೆ ಲಿಖಿತಾಗೆ ಆಗಿಂದಾಗಲೇ ಗ್ಲೂಕೋಸು, ಅವಳ ಜೊತೆಗೆ ಉಳಿದವರಿಗೂ ಒಂದೊಂದು ಪೆಪ್ಪರಮೆಂಟು. ಅವಳೊಬ್ಬಳೇ ತಿನ್ನುವ ಪ್ರಶ್ನೆಯೇ ಇಲ್ಲ.

ಈ ಕಾನೂನಿನ ಪರಿಣಾಮ ಏನಾಯಿತೆಂದು ಕೇಳಿ. ಹನ್ನೊಂದು ಗಂಟೆಗೆ ಮೀಟರು ತೆಗೆದರೆ ಹದಿಮೂರು ಮಕ್ಕಳೂ ಸುತ್ತುಗಟ್ಟುತ್ತವೆ, ಮಂಡಿಯಲ್ಲಿ ಹರಾಜಿಗೆ ನಿಂತವರ ಹಾಗೆ. ಅಂಕಿ ಓದುವವಳು ಭವ್ಯಾ. ಅಪ್ಪನ ಮಂಡಿಯ ಗಂಟಲು ಅವಳಿಗೆ ಬಂದಿದೆ. "ತೊಂಬತ್ತಾರು" ಎಂದು ಕೂಗಿದರೆ ಉಳಿದವರು ಛೇ ಎಂದು ತಮ್ಮ ಜಾಗಕ್ಕೆ ಹೋಗುತ್ತಾರೆ. ಆಮೇಲೂ ಬಿಡುವುದಿಲ್ಲ. ಲಿಖಿತಾ, ಕೈ ನಡುಗ್ತಿದ್ಯಾ, ಬೆವರ್ತಿದ್ಯಾ, ತಲೆ ಸುತ್ತತಾ ಎಂದು ಐದೈದು ನಿಮಿಷಕ್ಕೆ ಒಬ್ಬರು ಆಸೆಯಿಂದ ವಿಚಾರಿಸುತ್ತಾರೆ. ಒಮ್ಮೆ ಅವಳ ಬಣ್ಣದ ಬ್ರಷ್ಷು ಕೈಜಾರಿ ಬಿದ್ದಿದ್ದಕ್ಕೆ ಮೂರು ಜನ ಮಿಸ್ಸನ್ನು ಕರೆಯಲು ಓಡಿದರಂತೆ. ನನ್ನ ಎರಡು ಕಣ್ಣು ಎರಡು ವರ್ಷ ನಿದ್ದೆಗೆಟ್ಟು ಮಾಡಿದ ಕೆಲಸವನ್ನು ಆ ಇಪ್ಪತ್ತಾರು ಕಣ್ಣುಗಳು ಬರೀ ದುರಾಸೆಯಿಂದ ನನಗಿಂತ ಚೆನ್ನಾಗಿ ಮಾಡುತ್ತಿವೆ. ಭವ್ಯಾ ಕಿಟಕಿ ಬಿಟ್ಟು ಮೊದಲಿನ ಜಾಗಕ್ಕೆ ಬಂದಿದ್ದಾಳೆ.

ನಾನು ಬದಲಾಗಿದ್ದೇನೆ ಎಂದು ನೀವು ತಿಳಿಯಬೇಡಿ. ಈಗಲೂ ಹೊಂಗೆ ಮರದಡಿಯೇ ನಿಂತಿರುತ್ತೇನೆ, ಈಗಲೂ ಹನ್ನೊಂದು ಗಂಟೆಗೆ ಕತ್ತು ಮಹಡಿಯ ಕಡೆ ತಿರುಗುತ್ತದೆ. ಕಳೆದ ಭಾನುವಾರ ಹನ್ನೊಂದು ಕಾಲಿಗೆ ಭವ್ಯಾ ಒಬ್ಬಳೇ ಮೆಟ್ಟಿಲಿಳಿದು ನನ್ನ ಕಡೆ ಬಂದಳು. ಮುಖ ಜೋಲುಬಿದ್ದಿತ್ತು. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅವಳು ಬಂದು ಎದುರಿಗೆ ನಿಂತು ನಿಟ್ಟುಸಿರು ಬಿಟ್ಟಳು.

"ಇವತ್ತೂ ಏನೂ ಆಗ್ಲಿಲ್ಲ ಅಂಕಲ್."

ಇಷ್ಟು ಒಳ್ಳೆಯ ಸುದ್ದಿಯನ್ನು ಇಷ್ಟು ಸಪ್ಪೆ ಮುಖ ಮಾಡಿಕೊಂಡು ನನಗೆ ಯಾರೂ ಹೇಳಿರಲಿಲ್ಲ. ಜೇಬಿನಿಂದ ಒಂದು ಪೆಪ್ಪರಮೆಂಟು ತೆಗೆದು ಕೊಟ್ಟೆ. ಅವಳು ಫ್ರಾಕಿನ ಅಂಚು ಎತ್ತಿ, ಅದರೊಳಗೆ ಸುತ್ತಿ, ಕಟಕ್ಕೆಂದು ಕಚ್ಚಿದಳು. ಒಂದು ತುಂಡು ಬಾಯಿಗೆ ಹೋಯಿತು. ಇನ್ನೊಂದನ್ನು ಅಂಗೈಯಲ್ಲಿ ಹಿಡಿದುಕೊಂಡು ಮಹಡಿಯ ಕಡೆ ನೋಡಿದಳು, ನನ್ನ ಮುಖ ನೋಡಿದಳು. ಆ ಅರ್ಧ ಲೆಕ್ಕದಲ್ಲಿರಲಿಲ್ಲ. ಊಟಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು.

"ಹೋಗಿ ಕೊಡು" ಎಂದೆ.

ಅವಳು ಮೆಟ್ಟಿಲು ಹತ್ತಿ ಓಡಿದಳು. ನಾನು ಹಿಂದೆ ಹೋಗಲಿಲ್ಲ. ಜೇಬಿನಲ್ಲಿ ಉಳಿದ ಮೂರನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಮೊದಲ ಸಲ ಆ ಮರದ ಕಟ್ಟೆಯ ಮೇಲೆ ಕೂತೆ. ಎರಡು ನಿಮಿಷವಾದರೂ ಕೂತಿದ್ದೆ ಎಂದುಕೊಂಡಿದ್ದೇನೆ.